ಶ್ವೇಡಗಾನ್‌ನ ಬಂಗಾರ ಯಾರದು?

ಯಾಂಗೊನ್ ನಗರದ ಸಿಂಗುತ್ತರ ಗುಡ್ಡದ ಮೇಲೆ ಸುಮಾರು 99 ಮೀಟರ್ ಎತ್ತರಕ್ಕೆ ನಿಂತಿರುವ ಶ್ವೇಡಗಾನ್ ಪಗೋಡ ಬುಡದಿಂದ ತುದಿಯವರೆಗೆ ಬಂಗಾರ ಹೊದ್ದಿದೆ. ಶಿಖರದ ಛತ್ರಿಯಲ್ಲಿ ಸಾವಿರಾರು ವಜ್ರ, ಮಾಣಿಕ್ಯ, ನೀಲಮಣಿಗಳಿವೆ. ಎಲ್ಲಕ್ಕೂ ಮೇಲೆ 76 ಕ್ಯಾರೆಟ್ಟಿನ ಒಂದು ವಜ್ರವಿದೆ. ಈಗಿರುವ ಛತ್ರಿಯನ್ನು ಏರಿಸಿದ್ದು 1999ರಲ್ಲಿ, ಸೇನಾಡಳಿತದ ಕಾಲದಲ್ಲಿ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಯನ್ನು ತೂಗಿ ನೋಡಿ ಪಟ್ಟಿ ಮಾಡಿತು. ಅದರಲ್ಲಿ ಮ್ಯಾನ್ಮಾರ್‌ಗೆ, ಅಂದರೆ ಹಿಂದಿನ ಬರ್ಮಾಗೆ, ಸಿಕ್ಕಿದ್ದು 190ನೇ ಸ್ಥಾನ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾರಿಗಾದರೂ ಮೊದಲು ಹುಟ್ಟುವುದು ಸಿಟ್ಟು. ಮಕ್ಕಳಿಗೆ ಔಷಧವಿಲ್ಲದ ನಾಡಿನಲ್ಲಿ ಗೋಪುರಕ್ಕೆ ಇಷ್ಟೊಂದು ಚಿನ್ನವೇಕೆ, ಅದನ್ನು ಕರಗಿಸಿ ಆಸ್ಪತ್ರೆ ಕಟ್ಟಬಾರದೇಕೆ ಎಂದು ಆ ದೇಶಕ್ಕೆ ಹೋಗಿಬಂದವರು ಹಲವು ದಶಕಗಳಿಂದ ಕೇಳುತ್ತಲೇ ಬಂದಿದ್ದಾರೆ. ಹಸಿದವರ ಮೇಲಿನ ಕಳಕಳಿಯಿಂದ ಹುಟ್ಟಿದ ಪ್ರಶ್ನೆ ಅದು, ತಳ್ಳಿಹಾಕುವಂಥದ್ದಲ್ಲ. ಆದರೂ ಆ ಪ್ರಶ್ನೆ ತಪ್ಪು ಬಾಗಿಲು ತಟ್ಟುತ್ತದೆ ಎಂಬುದು ನನ್ನ ವಾದ. ಬರ್ಮಾದ ಬಡತನಕ್ಕೆ ಪಗೋಡದ ಬಂಗಾರ ಕಾರಣವಲ್ಲ. ಆ ಬಂಗಾರ ಬಡವರೇ ಕೊಟ್ಟದ್ದು. ಅವರ ಕೊಡುಗೆಯನ್ನು ತಮ್ಮ ಅಧಿಕಾರದ ಕಿರೀಟವಾಗಿ ತಲೆಗಿಟ್ಟುಕೊಂಡವರ ಲೆಕ್ಕವನ್ನು ನಾವು ಕೇಳಬೇಕಾಗಿದೆ.

ಮೊದಲು ಆ ಬಂಗಾರ ಎಲ್ಲಿಂದ ಬಂತೆಂದು ನೋಡೋಣ. ಹದಿನೈದನೆಯ ಶತಮಾನದಲ್ಲಿ ಹಂಸಾವತಿಯನ್ನು ಆಳಿದ ಮೋನ್ ರಾಣಿ ಶಿನ್ ಸಾಬು ತನ್ನ ತೂಕದಷ್ಟು ಬಂಗಾರವನ್ನು ಪಗೋಡಕ್ಕೆ ಒಪ್ಪಿಸಿದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ತುಲಾಭಾರ. ಅವಳ ನಂತರ ಬಂದ ಧಮ್ಮಜೇದಿ ತನ್ನ ಮತ್ತು ತನ್ನ ರಾಣಿಯ ತೂಕದ ನಾಲ್ಕರಷ್ಟು ಕೊಟ್ಟನೆಂದು ಪರಂಪರೆ ಹೇಳುತ್ತದೆ. 1768ರ ಭೂಕಂಪದಲ್ಲಿ ಶಿಖರ ಉರುಳಿದಾಗ ಸಿನ್‌ಬ್ಯುಶಿನ್ ರಾಜ ಅದನ್ನು ಈಗಿನ ಎತ್ತರಕ್ಕೆ ಎತ್ತಿಸಿದ. 1871ರಲ್ಲಿ ಕೆಳಬರ್ಮಾ ಬ್ರಿಟಿಷರ ಕೈಯಲ್ಲಿದ್ದಾಗ, ಮಂಡಾಲೆಯಲ್ಲಿದ್ದ ಮಿಂಡಾನ್ ರಾಜ ರತ್ನಖಚಿತ ಛತ್ರಿಯನ್ನು ಕಳಿಸಿಕೊಟ್ಟ. ತನ್ನ ಕೈತಪ್ಪಿದ ನೆಲದಲ್ಲಿ ತನ್ನ ಪ್ರಜೆಗಳ ನಡುವೆ ತನ್ನ ಗುರುತನ್ನು ನಿಲ್ಲಿಸಲು ಅವನಿಗೆ ಉಳಿದಿದ್ದ ದಾರಿ ಅದೊಂದೇ. ರಾಜರ ಕತೆ ಇಷ್ಟು. ಇದರ ಪಕ್ಕದಲ್ಲೇ ಹೆಸರಿಲ್ಲದವರ ಕತೆಯೂ ಇದೆ, ಅದು ಇದಕ್ಕಿಂತ ದೊಡ್ಡದು. ತಿಲಕರು ಸೆರೆವಾಸ ಅನುಭವಿಸಿದ ಆ ಮಂಡಾಲೆಯಲ್ಲಿ ಒಂದು ಕೇರಿಗೆ ಕೇರಿಯೇ ಚಿನ್ನದ ರೇಕು ತಟ್ಟುವ ಕಸುಬಿನಿಂದ ಬದುಕಿದೆ. ಗಂಡಸರು ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿದು ಚಿನ್ನವನ್ನು ಉಸಿರಿಗೆ ಹಾರುವಷ್ಟು ತೆಳುವಾಗಿಸುತ್ತಾರೆ. ಹೆಂಗಸರು ಅದನ್ನು ಚೌಕ ಚೌಕವಾಗಿ ಕತ್ತರಿಸಿ ಕಾಗದದ ನಡುವೆ ಇಡುತ್ತಾರೆ. ಆ ರೇಕುಗಳನ್ನು ಕೊಂಡು ಅದೇ ಊರಿನ ಮಹಾಮುನಿ ಬುದ್ಧಮೂರ್ತಿಗೆ ಭಕ್ತರು ಅಂಟಿಸಿ ಅಂಟಿಸಿ, ಮೂರ್ತಿಯ ಮೈಮೇಲೆ ಈಗ ಸುಮಾರು 15 ಸೆಂಟಿಮೀಟರ್ ದಪ್ಪದ ಬಂಗಾರ ಕೂತಿದೆ. 1999ರ ಛತ್ರಿಗೂ ಮನೆಮನೆಯ ಓಲೆ, ಉಂಗುರ, ಬಳೆಗಳು ಸೇರಿವೆ. ಹೆಣ್ಣುಮಕ್ಕಳು ಕಿವಿಯಿಂದ ಬಿಚ್ಚಿಕೊಟ್ಟದ್ದು ಆ ಎತ್ತರದಲ್ಲಿ ತೂಗುತ್ತಿದೆ. ಹೀಗೆ ಐದು ಶತಮಾನಗಳಿಂದ ಕೂಡುತ್ತ ಬಂದ ಈ ಸಂಪತ್ತನ್ನು ಸರ್ಕಾರದ ಬೊಕ್ಕಸದಿಂದ ಕದ್ದು ಅಲ್ಲಿ ಇಟ್ಟದ್ದೆಂದು ಯಾರೂ ಹೇಳಲಾಗದು.

ಹಾಗಾದರೆ ಬಡವರು ಯಾಕೆ ಕೊಡುತ್ತಾರೆ? ಕೂಡಲೇ ಬರುವ ಉತ್ತರ ಪುಣ್ಯ. ಬರ್ಮಿ ಬೌದ್ಧರ ಬದುಕಿನಲ್ಲಿ ದಾನವೇ ಮೊದಲ ಕರ್ತವ್ಯ. ಬೆಳಗಿನ ಜಾವ ಭಿಕ್ಷುವಿನ ಪಾತ್ರೆಗೆ ಹಾಕುವ ಒಂದು ಸೌಟು ಅನ್ನದಿಂದ ಹಿಡಿದು ಪಗೋಡ ಕಟ್ಟಿಸುವವರೆಗೆ ಅದರ ಮೆಟ್ಟಿಲುಗಳಿವೆ. ಪಗೋಡ ಕಟ್ಟಿಸಿದವನನ್ನು ಊರು ‘ಫಯಾ ತಗಾ’ ಎಂದು ಕರೆದು ಗೌರವಿಸುತ್ತದೆ. ಈ ಉತ್ತರ ಸರಿಯಾದದ್ದೇ, ಆದರೆ ಪೂರ್ತಿಯಲ್ಲ. ಬರ್ಮಾದ ನೋಟಿನ ಚರಿತ್ರೆಯನ್ನು ಅದರ ಜೊತೆಗಿಟ್ಟು ಓದಬೇಕು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡ ಎರಡೇ ವರ್ಷಗಳಲ್ಲಿ, 1964ರಲ್ಲಿ, 50 ಮತ್ತು 100 ಕ್ಯಾಟ್ ನೋಟುಗಳು ರದ್ದಾದವು. 1985ರಲ್ಲಿ ಮತ್ತೆ ರದ್ದತಿ ಬಂತು. 1987ರ ಸೆಪ್ಟೆಂಬರ್‌ನಲ್ಲಿ 25, 35 ಮತ್ತು 75ರ ನೋಟುಗಳು ಒಂದು ಘೋಷಣೆಯಿಂದ ಕಾಗದದ ಚೂರುಗಳಾದವು. ಬದಲಿ ನೋಟೂ ಇಲ್ಲ, ಪರಿಹಾರವೂ ಇಲ್ಲ. ಚಲಾವಣೆಯಲ್ಲಿದ್ದ ಹಣದ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಆವಿಯಾಯಿತು. ಆಮೇಲೆ ಬಂದದ್ದು 45 ಮತ್ತು 90ರ ನೋಟುಗಳು, ಏಕೆಂದರೆ ಸೇನಾನಾಯಕನಿಗೆ ಒಂಬತ್ತು ಶುಭಸಂಖ್ಯೆ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಒಂದು ಕಾಲಕ್ಕೆ ಜಗತ್ತಿಗೆ ಅಕ್ಕಿ ಉಣಿಸುತ್ತಿದ್ದ ಈ ದೇಶವನ್ನು ವಿಶ್ವಸಂಸ್ಥೆ ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು. 2003ರಲ್ಲಿ ಖಾಸಗಿ ಬ್ಯಾಂಕುಗಳೂ ಕುಸಿದು, ಠೇವಣಿದಾರರು ತಮ್ಮದೇ ಹಣಕ್ಕಾಗಿ ಬಾಗಿಲ ಮುಂದೆ ಸಾಲುಗಟ್ಟಿದರು. ಇಂಥ ನಾಡಿನಲ್ಲಿ ಒಬ್ಬ ರೈತ ಉಳಿದ ಕಾಸನ್ನು ಬ್ಯಾಂಕಿನಲ್ಲಿಡುವುದಿಲ್ಲ, ಚಿನ್ನ ಕೊಳ್ಳುತ್ತಾನೆ. ಆ ಚಿನ್ನದಲ್ಲಿ ಒಂದು ಚೂರನ್ನು ಯಾವ ಜನರಲ್‌ಗೂ ರದ್ದುಮಾಡಲಾಗದ ಜಾಗದಲ್ಲಿ ಇಡುತ್ತಾನೆ. ಪಗೋಡಕ್ಕೆ ಕೊಟ್ಟದ್ದು ಕೈಬಿಟ್ಟು ಹೋಗುತ್ತದೆ, ನಿಜ. ಆದರೆ ಕೊಟ್ಟವನ ಹೆಸರು ಊರಿನ ನೆನಪಿನಲ್ಲಿ ಉಳಿಯುತ್ತದೆ, ಪುಣ್ಯ ಮುಂದಿನ ಜನ್ಮಕ್ಕೆ ದಾಟುತ್ತದೆ, ಕಷ್ಟ ಬಂದಾಗ ವಿಹಾರದ ಅಂಗಳ ಅವನಿಗೆ ತೆರೆದಿರುತ್ತದೆ. ಸರ್ಕಾರ ಕೊಡದ ಮೂರು ಭದ್ರತೆಗಳನ್ನು ಧರ್ಮ ಕೊಡುತ್ತದೆ. ಇದನ್ನು ಮೌಢ್ಯ ಎಂದು ಕರೆಯುವವರು ಆ ರೈತನ ಲೆಕ್ಕಾಚಾರವನ್ನು ಸರಿಯಾಗಿ ಓದಿಲ್ಲ.

ದಾನವೆಂದರೆ ಬಂಗಾರ ಮಾತ್ರವೂ ಅಲ್ಲ. ಬೇರೆ ಬೇರೆ ದೇಶಗಳ ಜನರ ದಾನಬುದ್ಧಿಯನ್ನು ಸಮೀಕ್ಷೆ ಮಾಡುವ ಬ್ರಿಟನ್ನಿನ ಚಾರಿಟೀಸ್ ಏಡ್ ಫೌಂಡೇಶನ್‌ನ ಪಟ್ಟಿಯಲ್ಲಿ 2014ರಿಂದ 2017ರವರೆಗೆ ಮ್ಯಾನ್ಮಾರ್ ಸತತವಾಗಿ ಮೊದಲ ಸ್ಥಾನದಲ್ಲಿತ್ತು, ಮೊದಲ ವರ್ಷ ಅಮೆರಿಕದ ಜೊತೆ ಸಮಸಮನಾಗಿ. ಈ ಕೊಡುಗೆಯ ದೊಡ್ಡ ಪಾಲು ವಿಹಾರಗಳ ಮೂಲಕ ಮತ್ತೆ ಜನರಿಗೇ ಇಳಿದು ಬರುತ್ತದೆ. ಸರ್ಕಾರಿ ಶಾಲೆಯ ಖರ್ಚು ಭರಿಸಲಾಗದ ಮಕ್ಕಳು, ಅನಾಥರು, ಗುಡ್ಡಗಾಡಿನಿಂದ ಬಂದವರು ಓದುವುದು ವಿಹಾರದ ಶಾಲೆಗಳಲ್ಲಿ. ಮಂಡಾಲೆಯ ಫೌಂಗ್ ಡೊ ಊ ವಿಹಾರದಲ್ಲಿ 1993ರಲ್ಲಿ ಶುರುವಾದ ಶಾಲೆ ಸಾವಿರಾರು ಮಕ್ಕಳನ್ನು ಓದಿಸುವಷ್ಟು ಬೆಳೆಯಿತು. ಹೆಣ ಸಾಗಿಸಲು ದುಡ್ಡಿಲ್ಲದ ಯಾಂಗೊನ್‌ನ ಬಡವರಿಗಾಗಿ 2001ರಲ್ಲಿ ಉಚಿತ ಅಂತ್ಯಕ್ರಿಯಾ ಸಂಘ ಹುಟ್ಟಿತು. ಅದನ್ನು ಮುನ್ನಡೆಸಿದವರು ಸಿನಿಮಾ ನಟ ಜಾ ಥು. ಸರ್ಕಾರ ಕೈಬಿಟ್ಟ ಕೆಲಸವನ್ನು ಜನ ತಮ್ಮ ಧರ್ಮದ ಭಾಷೆಯಲ್ಲಿಯೇ ಹೊತ್ತುಕೊಂಡರು. ಪಗೋಡದ ಬಂಗಾರ ಮತ್ತು ಬಡವರ ಹೊಟ್ಟೆ ಎರಡೂ ಎದುರಾಳಿಗಳೆಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಎರಡಕ್ಕೂ ಬರುವುದು ಒಂದೇ ಕೈಯಿಂದ.

ಈಗ ದೇಶದ ಹಣ ನಿಜವಾಗಿ ಎಲ್ಲಿ ಸೋರಿತು ಎಂಬುದಕ್ಕೆ ಬರೋಣ. 1990ರ ದಶಕದ ಕೊನೆಯಿಂದ ಯಡಾನ ಕ್ಷೇತ್ರದ ನೈಸರ್ಗಿಕ ಅನಿಲ ಕೊಳವೆಯಲ್ಲಿ ಥಾಯ್ಲೆಂಡಿಗೆ ಹರಿಯತೊಡಗಿತು. ಆಮೇಲಿನ ವರ್ಷಗಳಲ್ಲಿ ಅನಿಲದ ರಫ್ತಿನಿಂದ ವರ್ಷಕ್ಕೆ ನೂರು ಕೋಟಿ ಡಾಲರ್‌ಗೂ ಮಿಕ್ಕಿ ಬರುತ್ತಿತ್ತು. ಆ ಡಾಲರ್ ಬಜೆಟ್ಟಿನಲ್ಲಿ ಕಾಣಿಸುತ್ತಿರಲಿಲ್ಲ. ಹೇಗೆಂದು ವಿವರಿಸಿದವರು ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ ಶಾನ್ ಟರ್ನೆಲ್. ಬರ್ಮಾದಲ್ಲಿ ಆಗ ಸರ್ಕಾರಿ ವಿನಿಮಯ ದರ ಡಾಲರಿಗೆ ಸುಮಾರು 6 ಕ್ಯಾಟ್ ಇತ್ತು. ಪೇಟೆಯಲ್ಲಿ ಅದೇ ಡಾಲರಿಗೆ 2007ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಕ್ಯಾಟ್. ಅನಿಲದಿಂದ ಬಂದ ನೂರು ಡಾಲರನ್ನು ಸರ್ಕಾರಿ ದರದಲ್ಲಿ ಬರೆದರೆ ಲೆಕ್ಕದ ಪುಸ್ತಕಕ್ಕೆ ಹೋಗುವುದು 600 ಕ್ಯಾಟ್. ಅದರ ನಿಜವಾದ ಬೆಲೆ ಒಂದು ಲಕ್ಷ ಕ್ಯಾಟ್‌ಗೂ ಮೇಲೆ. ನಡುವಿನದು ಯಾವ ಲೆಕ್ಕಕ್ಕೂ ಸಿಗದೆ ಸೇನೆಯ ಕೈಯಲ್ಲಿ ಉಳಿಯಿತು. 2012ರವರೆಗೂ ಈ ಎರಡು ದರಗಳ ವ್ಯವಸ್ಥೆ ನಡೆಯಿತು. ಇದೇ ಕಾಲದಲ್ಲಿ, 2005ರ ನವೆಂಬರ್‌ನಲ್ಲಿ, ಸೇನೆ ರಾಜಧಾನಿಯನ್ನು ಯಾಂಗೊನ್‌ನಿಂದ ಎತ್ತಿ ನೇಪಿಡೊ ಎಂಬ ಹೊಸ ನಗರಕ್ಕೆ ಸಾಗಿಸಿತು. 2006ರಲ್ಲಿ ಸೇನಾಧಿಪತಿ ಥಾನ್ ಶ್ವೆ ಮಗಳ ಮದುವೆ ನಡೆಯಿತು. ಅದರ ವಿಡಿಯೊ ಹೊರಬಿದ್ದಾಗ ಮದುಮಗಳ ಮೈಮೇಲಿನ ವಜ್ರದ ಸರಗಳನ್ನು ಇಡೀ ದೇಶ ನೋಡಿತು. ಶ್ವೇಡಗಾನ್‌ನ ವಜ್ರ ಎಲ್ಲರ ಕಣ್ಣೆದುರು ಇದೆ, ಧರ್ಮದರ್ಶಿ ಮಂಡಳಿಯ ದಾಖಲೆಯಲ್ಲೂ ಇದೆ. ಅನಿಲದ ಹಣ ಎರಡೂ ಕಡೆ ಇರಲಿಲ್ಲ. ಕಣ್ಣಿಗೆ ಕಾಣುವ ಬಂಗಾರದ ಮೇಲೆ ಸಿಟ್ಟು ಮಾಡುವುದು ಸುಲಭವಾದ್ದರಿಂದಲೇ ಕಾಣದ ಬಂಗಾರ ಇಷ್ಟು ಕಾಲ ಸುರಕ್ಷಿತವಾಗಿತ್ತು ಎಂದು ನನಗನ್ನಿಸುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ. ಪುಣ್ಯದ ಕಲ್ಪನೆಯೇ ಬಡವರನ್ನು ಸುಮ್ಮನಾಗಿಸುವುದಿಲ್ಲವೇ? ಹೋದ ಜನ್ಮದಲ್ಲಿ ಕೊಡದವನು ಈ ಜನ್ಮದಲ್ಲಿ ಬಡವ, ಕೊಟ್ಟವನು ಸಿರಿವಂತ, ಬಹಳ ಕೊಟ್ಟವನು ಆಳುವವ ಎಂದು ನಂಬಿದರೆ ಸೇನಾಧಿಪತಿಯ ಗಾದಿಗೆ ಧರ್ಮದ ಮುದ್ರೆ ಬಿದ್ದ ಹಾಗೆಯೇ ಅಲ್ಲವೇ? ಇದರಲ್ಲಿ ನಿಜವಿದೆ. ಬರ್ಮಾದ ಸೇನಾನಾಯಕರು ಈ ನಂಬಿಕೆಯನ್ನು ಚೆನ್ನಾಗಿ ಬಲ್ಲವರು, ಬಳಸಿಕೊಂಡವರು. ಆದರೆ ಆ ಧರ್ಮ ಹೇಳುವುದು ಅಷ್ಟನ್ನೇ ಅಲ್ಲ. ದೀಘನಿಕಾಯದ ಕೂಟದಂತ ಸುತ್ತದಲ್ಲಿ ಒಬ್ಬ ರಾಜ ದೊಡ್ಡ ಯಜ್ಞ ಮಾಡಲು ಹೊರಡುತ್ತಾನೆ. ಪುರೋಹಿತ ಅವನನ್ನು ತಡೆಯುತ್ತಾನೆ. ನಾಡಿನಲ್ಲಿ ಕಳ್ಳತನ, ಸುಲಿಗೆ ನಡೆಯುತ್ತಿರುವಾಗ ಹೊಸ ತೆರಿಗೆ ಹಾಕುವುದು ತಪ್ಪು, ಕೊಲ್ಲಿಸಿ ಬಂಧಿಸಿ ಅದನ್ನು ಅಡಗಿಸಲಾರೆ ಎನ್ನುತ್ತಾನೆ. ಉಳುವವನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರಿ ಮಾಡುವವನಿಗೆ ಸಂಬಳ ಮೊದಲು ಕೊಡು ಎಂಬುದು ಅವನ ಸಲಹೆ. ಅದೇ ಸಂಗ್ರಹದ ಚಕ್ಕವತ್ತಿ ಸೀಹನಾದ ಸುತ್ತ ಇನ್ನೂ ನೇರವಾಗಿದೆ: ರಾಜ ಬಡವರಿಗೆ ಹಂಚಲಿಲ್ಲ, ಹಾಗಾಗಿ ಬಡತನ ಬೆಳೆಯಿತು, ಬಡತನದಿಂದ ಕಳವು, ಕಳವಿನಿಂದ ಕೊಲೆ. ಬಡತನವನ್ನು ಬಡವನ ಹಿಂದಿನ ಜನ್ಮಕ್ಕೆ ಕಟ್ಟದೆ ಆಳುವವನ ಈ ಜನ್ಮದ ತಪ್ಪಿಗೆ ಕಟ್ಟುವ ಪಾಠವಿದು. ರಾಜನ ಹತ್ತು ಧರ್ಮಗಳಲ್ಲಿ ಮೊದಲನೆಯದೇ ದಾನ. ಅಂದರೆ ರಾಜ ಪ್ರಜೆಗಳಿಗೆ ಕೊಡಬೇಕಾದದ್ದು. ಬರ್ಮಿ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಐದು ಶತ್ರುಗಳ ಪಟ್ಟಿಯಲ್ಲಿ ಬೆಂಕಿ, ನೆರೆ, ಕಳ್ಳರು, ಕೆಡುಕರ ಜೊತೆ ಆಳುವವರೂ ಇದ್ದಾರೆ. ಇಂಥ ಪರಂಪರೆ ಜನರನ್ನು ಬರೀ ತಲೆಬಾಗಲು ಕಲಿಸಿತೆಂದು ಹೇಳಲಾಗದು.

ಇನ್ನೊಂದು ಆಕ್ಷೇಪಣೆ ಚರಿತ್ರೆಯಿಂದ ಬರುತ್ತದೆ, ಅದು ಬಗಾನ್‌ನದು. ಐರಾವತಿ ದಂಡೆಯ ಈ ಹಳೆಯ ರಾಜಧಾನಿಯಲ್ಲಿ ಹನ್ನೊಂದರಿಂದ ಹದಿಮೂರನೆಯ ಶತಮಾನದವರೆಗೆ ಗುಡಿ, ಸ್ತೂಪ, ವಿಹಾರಗಳು ಸಾವಿರಗಟ್ಟಲೆ ಎದ್ದವು. 2019ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ 3500ಕ್ಕೂ ಹೆಚ್ಚು ಸ್ಮಾರಕಗಳು ಅಲ್ಲಿದ್ದವು. ಇತಿಹಾಸಕಾರ ಮೈಕೆಲ್ ಆಂಗ್ ಥ್ವಿನ್ ಅವರ ಪ್ರಕಾರ ಈ ದಾನವೇ ರಾಜ್ಯವನ್ನು ಒಳಗಿನಿಂದ ಬರಿದುಮಾಡಿತು. ತೆರಿಗೆಯಿಲ್ಲದ ಭೂಮಿ, ಆಳುಗಳು ಭಿಕ್ಷುಸಂಘದ ಪಾಲಾಗುತ್ತ ಹೋಗಿ ಅರಸನ ಬೊಕ್ಕಸ ಒಣಗಿತು. ಹಾಗಾದರೆ ಧರ್ಮದ ಸಂಪತ್ತು ನಾಡನ್ನು ಬಡವಾಗಿಸುತ್ತದೆ ಎಂಬುದಕ್ಕೆ ಬಗಾನ್ ಸಾಕ್ಷಿಯಲ್ಲವೇ? ವಿದ್ವಾಂಸರೆಲ್ಲ ಈ ವಾದವನ್ನು ಒಪ್ಪಿಲ್ಲ. ಒಪ್ಪಿಕೊಂಡು ನೋಡಿದರೂ ಅದು ಸೋತದ್ದು ಅರಸೊತ್ತಿಗೆಯ ಕತೆ, ಹಸಿದ ಪ್ರಜೆಯ ಕತೆಯಲ್ಲ. ಗಾರೆಯವರಿಗೆ, ಬಡಗಿಗಳಿಗೆ, ಚಿತ್ರ ಬರೆದವರಿಗೆ ಕೊಟ್ಟ ಬೆಳ್ಳಿ, ಭತ್ತ, ಬಟ್ಟೆಯ ಲೆಕ್ಕವನ್ನು ಬಗಾನ್‌ನ ದಾನಶಾಸನಗಳು ಕಲ್ಲಿನಲ್ಲೇ ಬರೆದಿಟ್ಟಿವೆ. ಕೂಲಿ ಕೊಡದೆ ಕಟ್ಟಿಸಿದ ಗುಡಿಯಿಂದ ಪುಣ್ಯ ಬರುವುದಿಲ್ಲವೆಂಬ ತಿಳಿವಳಿಕೆ ಆ ದಾನಿಗಳಿಗೆ ಇದ್ದಿರಬೇಕು. ಅದೇ ಬಗಾನ್‌ನಲ್ಲಿ 1990ರಲ್ಲಿ ಸೇನಾಡಳಿತ ಹಳೆಯ ಊರಿನ ನಿವಾಸಿಗಳನ್ನು ಎಬ್ಬಿಸಿ ದೂರದ ಬಯಲಿಗೆ ಸಾಗಿಸಿತು. ಸ್ಮಾರಕಗಳು ಉಳಿದವು, ಅವುಗಳನ್ನು ತಲೆಮಾರುಗಳಿಂದ ನೋಡಿಕೊಂಡ ಜನ ಹೊರಬಿದ್ದರು. ಮಂಡಾಲೆ ಅರಮನೆಯ ಕಂದಕದ ಹೂಳೆತ್ತಲು 1990ರ ದಶಕದಲ್ಲಿ ನಗರವಾಸಿಗಳನ್ನೂ ಕೈದಿಗಳನ್ನೂ ಬಿಟ್ಟಿ ದುಡಿಸಿದರು. ರಸ್ತೆ, ರೈಲುಮಾರ್ಗ, ಸೇನಾ ಶಿಬಿರಗಳಿಗೂ ಹೀಗೆಯೇ ಹಳ್ಳಿಗರನ್ನು ಎಳೆದೊಯ್ಯುತ್ತಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತನಿಖಾ ಆಯೋಗ 1998ರಲ್ಲಿ ಕೊಟ್ಟ ವರದಿ ಇದನ್ನೆಲ್ಲ ದಾಖಲಿಸಿದೆ.

ಸೇನೆ ದಾನದ ಭಾಷೆಯನ್ನು ಕಲಿತದ್ದು ಹಂತ ಹಂತವಾಗಿ. ನೆ ವಿನ್ ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಧರ್ಮದಿಂದ ದೂರ ನಿಂತಿದ್ದ. ಆರ್ಥಿಕತೆ ಕೈಕೊಟ್ಟ ಮೇಲೆ, 1980ರಲ್ಲಿ, ಒಂದೇ ವರ್ಷ ಎರಡು ಕೆಲಸ ಮಾಡಿದ. ಭಿಕ್ಷುಗಳನ್ನೆಲ್ಲ ಹಿರಿಯರ ಒಂದು ಸರ್ಕಾರಿ ಸಮಿತಿಯ ಕೆಳಗೆ ತಂದು ನೋಂದಾಯಿಸಿದ. ಶ್ವೇಡಗಾನ್‌ನ ಪಕ್ಕದಲ್ಲಿಯೇ ಮಹಾವಿಜಯ ಎಂಬ ತನ್ನ ಪಗೋಡವನ್ನು ಎಬ್ಬಿಸತೊಡಗಿದ. 1988ರ ದಂಗೆಯನ್ನು ರಕ್ತದಲ್ಲಿ ಅಡಗಿಸಿ ಬಂದ ಹೊಸ ಸೇನಾಡಳಿತ, 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ 392 ಸ್ಥಾನ ಗೆದ್ದರೂ ಅಧಿಕಾರ ಬಿಡಲಿಲ್ಲ. ಮತದಿಂದ ಸಿಗದ ಒಪ್ಪಿಗೆಯನ್ನು ಅದು ಪಗೋಡಗಳಲ್ಲಿ ಹುಡುಕಿತು. 1994ರಲ್ಲಿ ಚೀನಾದಿಂದ ಬುದ್ಧನ ದಂತಧಾತುವನ್ನು ತರಿಸಿ ಊರೂರಿಗೆ ಮೆರವಣಿಗೆ ಮಾಡಿಸಿತು. ಭಿಕ್ಷುಗಳ ಮುಂದೆ ಮಂಡಿಯೂರಿ ಕಾಣಿಕೆ ಒಪ್ಪಿಸುವ ಸೇನಾಧಿಕಾರಿಗಳ ಚಿತ್ರ ಸರ್ಕಾರಿ ಟೀವಿಯ ಸುದ್ದಿಯಲ್ಲಿ, ಪತ್ರಿಕೆಯ ಮುಖಪುಟದಲ್ಲಿ ದಿನದಿನವೂ ಬಂತು. 1999ರ ಛತ್ರಿ ಈ ಸಾಲಿನ ದೊಡ್ಡ ಘಟನೆ. ಜನರ ಓಲೆ ಉಂಗುರಗಳಿಂದ ತುಂಬಿದ ಛತ್ರಿಯನ್ನು ಏರಿಸಿದ ಕೀರ್ತಿ ಜನರಲ್‌ಗಳ ಹೆಸರಿಗೆ ಹೋಯಿತು. ಬರ್ಮಾದ ರಾಜಪರಂಪರೆಯಲ್ಲಿ ಶ್ವೇಡಗಾನ್‌ಗೆ ಛತ್ರಿ ಏರಿಸಬಲ್ಲವನು ರಾಜ. ತಾವು ರಾಜರೆಂದು ಬಾಯಿಬಿಟ್ಟು ಹೇಳದೆ ಹೇಳುವ ದಾರಿ ಅದಾಗಿತ್ತು.

ಕೊಟ್ಟ ದಾನವನ್ನೆಲ್ಲ ಸಂಘ ಸ್ವೀಕರಿಸಲೇಬೇಕು ಎಂದಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ವಿನಯಪಿಟಕದಲ್ಲಿ ನಿರಾಕರಣೆಗೂ ಒಂದು ವಿಧಿಯಿದೆ. ಸಂಘಕ್ಕೆ ಕೇಡು ಬಗೆದ ಗೃಹಸ್ಥನ ಎದುರು ಭಿಕ್ಷುಗಳು ಪಾತ್ರೆಯನ್ನು ಬೋರಲು ಹಾಕುವುದು, ಅವನಿಂದ ಏನನ್ನೂ ಸ್ವೀಕರಿಸದಿರುವುದು. ಮೊದಲ ಬಾರಿ ಅದು ನಡೆದದ್ದು ಬುದ್ಧನ ಕಾಲದಲ್ಲಿ, ವಡ್ಢನೆಂಬ ಲಿಚ್ಛವಿಯ ಮೇಲೆ. ಅವನು ತಪ್ಪೊಪ್ಪಿದ ಮೇಲೆ ಪಾತ್ರೆ ಮತ್ತೆ ನೆಟ್ಟಗಾಯಿತು. 1990ರ ಆಗಸ್ಟ್ 8ರಂದು ಮಂಡಾಲೆಯಲ್ಲಿ ಸೈನಿಕರು ಗುಂಡು ಹಾರಿಸಿದ ಮೇಲೆ ಅಲ್ಲಿನ ಭಿಕ್ಷುಗಳು ಸೇನೆಯವರ ಮತ್ತು ಅವರ ಕುಟುಂಬಗಳ ಮುಂದೆ ಪಾತ್ರೆ ಬೋರಲು ಹಾಕಿದರು. ಸೈನಿಕನ ತಾಯಿ ಸತ್ತರೂ ಕರ್ಮಕ್ಕೆ ಭಿಕ್ಷು ಬರುವುದಿಲ್ಲ, ಮಗನ ದೀಕ್ಷೆಗೂ ಬರುವುದಿಲ್ಲ. ಬಹಿಷ್ಕಾರ ಹರಡಿದ್ದು ಕಂಡು ಅಕ್ಟೋಬರ್‌ನಲ್ಲಿ ಸೇನೆ ನೂರಕ್ಕೂ ಹೆಚ್ಚು ವಿಹಾರಗಳಿಗೆ ನುಗ್ಗಿ ನೂರಾರು ಭಿಕ್ಷುಗಳನ್ನು ಹಿಡಿದೊಯ್ದಿತು. ಅನ್ನ ಬೇಡವೆಂದವರ ಮೇಲೆ ಬಂದೂಕು ಎತ್ತಬೇಕಾಯಿತೆಂದರೆ, ಕೊಡುವ ಹಕ್ಕು ಆ ಅಧಿಕಾರಕ್ಕೆ ಎಷ್ಟು ಬೇಕಾಗಿತ್ತೆಂದು ತಿಳಿಯುತ್ತದೆ.

2007ರಲ್ಲಿ ಹಸಿವೇ ಭಿಕ್ಷುಗಳನ್ನು ಬೀದಿಗೆ ತಂದಿತು. ಆಗಸ್ಟ್ 15ರಂದು ಸರ್ಕಾರ ಯಾವ ಸೂಚನೆಯೂ ಇಲ್ಲದೆ ಇಂಧನದ ಬೆಲೆ ಏರಿಸಿತು. ಡೀಸೆಲ್ ಎರಡರಷ್ಟಾಯಿತು, ಬಸ್ಸುಗಳಿಗೆ ಬೇಕಾದ ಅನಿಲ ಐದರಷ್ಟಾಯಿತು. ಕೂಲಿಗೆ ಹೋಗುವವರು ಬಸ್ ಚಾರ್ಜಿಗೇ ಕೂಲಿ ಕಳೆದುಕೊಳ್ಳುವ ಹಾಗಾಯಿತು. ಇದರ ಸುಳಿವು ಮೊದಲು ಹತ್ತುವುದು ಬೆಳಗಿನ ಭಿಕ್ಷೆಯಲ್ಲಿ, ಏಕೆಂದರೆ ಯಾವ ಮನೆಯಲ್ಲಿ ಅನ್ನ ಕಡಿಮೆಯಾಯಿತು, ಯಾವ ಬಾಗಿಲು ತೆರೆಯಲಿಲ್ಲ ಎಂಬುದು ಭಿಕ್ಷುವಿಗೆ ದಿನವೂ ತಿಳಿಯುತ್ತದೆ. ಸೆಪ್ಟೆಂಬರ್ 5ರಂದು ಪಖೊಕ್ಕುವಿನಲ್ಲಿ ಸೈನಿಕರು ಭಿಕ್ಷುಗಳನ್ನು ಥಳಿಸಿದರು. 17ರೊಳಗೆ ಕ್ಷಮೆ ಕೇಳಿ ಎಂದು ಭಿಕ್ಷುಗಳು ಗಡುವು ಕೊಟ್ಟರು. ಕ್ಷಮೆ ಬರಲಿಲ್ಲ, ಮತ್ತೆ ಪಾತ್ರೆ ಬೋರಲಾಯಿತು. ಮೆತ್ತಸುತ್ತ ಪಠಿಸುತ್ತ ಹೊರಟ ಸಾಲುಗಳು ದಿನೇ ದಿನೇ ಬೆಳೆದು 24ರ ಹೊತ್ತಿಗೆ ಯಾಂಗೊನ್‌ನಲ್ಲಿ ಲಕ್ಷ ಜನ ಸೇರಿದರು. ಮೆರವಣಿಗೆಗಳು ಹೊರಡುತ್ತಿದ್ದದ್ದು ಶ್ವೇಡಗಾನ್‌ನಿಂದ. 1988ರ ಆಗಸ್ಟ್ 26ರಂದು ಸೂಕಿ ಜನಸಾಗರದ ಮುಂದೆ ತಮ್ಮ ಮೊದಲ ದೊಡ್ಡ ಭಾಷಣ ಮಾಡಿದ್ದು ಅದರ ಪಶ್ಚಿಮ ಬಾಗಿಲ ಬಳಿ. 1920ರಲ್ಲಿ ವಿದ್ಯಾರ್ಥಿಗಳು ಬ್ರಿಟಿಷರ ವಿಶ್ವವಿದ್ಯಾಲಯ ಕಾಯ್ದೆಯ ವಿರುದ್ಧ ಮುಷ್ಕರ ಹೂಡಿದ್ದೂ ಅದರ ಅಂಗಳದಲ್ಲೇ. ಬಂಗಾರ ಹೊದ್ದ ಆ ಜಾಗ ಜನರದೆಂದು ಹೇಳಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. 2007ರ ಸೆಪ್ಟೆಂಬರ್ 26ರಂದು ಸೇನೆ ಅದರ ಬಾಗಿಲುಗಳಿಗೆ ಬೇಲಿ ಕಟ್ಟಿ ಭಿಕ್ಷುಗಳನ್ನು ಲಾಠಿಯಿಂದ ಬಡಿಯಿತು. ಕನಿಷ್ಠ 31 ಮಂದಿ ಸತ್ತರೆಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಹೇಳಿದರು. ಭಿಕ್ಷುಗಳ ನಾಯಕ ಗಂಭೀರ ಅವರಿಗೆ 68 ವರ್ಷಗಳ ಸಜೆಯಾಯಿತು. ಭಿಕ್ಷುಗಳಿಗೆ ಅನ್ನನೀರು ಕೊಟ್ಟ ತಪ್ಪಿಗೆ ನಟ ಜಾ ಥು ಅವರೂ ಹಾಸ್ಯ ಕಲಾವಿದ ಜರ್ಗನಾರ್ ಅವರೂ ಬಂಧನಕ್ಕೊಳಗಾದರು.

ಎರಡು ಬಗೆಯ ಧಾರ್ಮಿಕ ಸಂಪತ್ತಿನ ನಡುವಣ ವ್ಯತ್ಯಾಸ ಯಾವುದೇ ವ್ಯಾಖ್ಯಾನವಿಲ್ಲದೆ ಕಂಡದ್ದು ಮರುವರ್ಷ. 2008ರ ಮೇ 2 ಮತ್ತು 3ರಂದು ನರ್ಗಿಸ್ ಚಂಡಮಾರುತ ಐರಾವತಿಯ ಮುಖಜ ಭೂಮಿಗೆ ಅಪ್ಪಳಿಸಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 1,38,000. ಹೊರಗಿನಿಂದ ಬಂದ ನೆರವನ್ನು ಸೇನೆ ವಾರಗಟ್ಟಲೆ ತಡೆದು ನಿಲ್ಲಿಸಿತು. ಹೆಣಗಳು ಇನ್ನೂ ನೀರಿನಲ್ಲಿ ತೇಲುತ್ತಿದ್ದಾಗ, ಮೇ 10ರಂದು, ತನ್ನ ಸಂವಿಧಾನಕ್ಕೆ ಜನಮತ ಪಡೆಯಿತು. ಆ ವಾರಗಳಲ್ಲಿ ಬದುಕುಳಿದವರು ಓಡಿದ್ದು ವಿಹಾರಗಳಿಗೆ. ಅವುಗಳ ಗಟ್ಟಿ ಗೋಡೆ, ಎತ್ತರದ ಜಗಲಿ, ಕಣಜದ ಅಕ್ಕಿ ಎಲ್ಲವೂ ಹಿಂದೆ ಯಾರೋ ಕೊಟ್ಟ ದಾನ. ಇದೇ ಹೊತ್ತಿಗೆ ನೇಪಿಡೊದಲ್ಲಿ ಥಾನ್ ಶ್ವೆ ಉಪ್ಪಾತಸಂತಿ ಪಗೋಡ ಕಟ್ಟಿಸುತ್ತಿದ್ದರು. ಶ್ವೇಡಗಾನ್‌ನ ರೂಪ, ಶ್ವೇಡಗಾನ್‌ನಷ್ಟೇ ಎತ್ತರ, ಗೌರವಕ್ಕೆಂದು ಒಂದಡಿಯಷ್ಟು ಮಾತ್ರ ಕಡಿಮೆ. 2006ರಲ್ಲಿ ಶುರುವಾದ ಕೆಲಸ ನರ್ಗಿಸ್‌ಗಾಗಿ ನಿಲ್ಲಲಿಲ್ಲ, 2009ರಲ್ಲಿ ಮುಗಿಯಿತು. ಹಸಿವಿನ ನಡುವೆ ಧರ್ಮದ ವೈಭವವೆಂದು ಯಾವುದನ್ನಾದರೂ ಖಂಡಿಸಬೇಕಿದ್ದರೆ ನನ್ನ ಬೆರಳು ಹೋಗುವುದು ಇದರ ಕಡೆಗೆ.

ಹಾಗೆಂದು ಸಂಘವನ್ನು ನಿರ್ದೋಷಿಯೆಂದು ಬಿಟ್ಟುಬಿಡುವುದು ಸತ್ಯಕ್ಕೆ ಅನ್ಯಾಯ. ಸೇನಾಡಳಿತ ಕೊಟ್ಟ ಬಿರುದು, ಕಾರು, ಕಟ್ಟಡಗಳನ್ನು ಮರುಮಾತಿಲ್ಲದೆ ತೆಗೆದುಕೊಂಡ ಹಿರಿಯ ಭಿಕ್ಷುಗಳು ಬಹಳ. ಹಿರಿಯ ಭಿಕ್ಷು ಸಿತಾಗು ಸಯಾಡೊ ಅವರ ಬದುಕಿನಲ್ಲೇ ಈ ಸಂಕಟವನ್ನು ಪೂರ್ತಿಯಾಗಿ ಓದಬಹುದು. ಸಗಾಯಿಂಗ್ ಗುಡ್ಡದ ವಿಹಾರಗಳಿಗೆ ನದಿಯ ನೀರು ಹತ್ತಿಸಿದವರು, ಕಣ್ಣಿನ ಆಸ್ಪತ್ರೆ ಕಟ್ಟಿಸಿದವರು, ನರ್ಗಿಸ್ ಸಂತ್ರಸ್ತರಿಗೆ ಸರ್ಕಾರಕ್ಕಿಂತ ಮುಂಚೆ ತಲುಪಿದವರು ಅವರೇ. ರೋಹಿಂಗ್ಯಾ ಮುಸ್ಲಿಮರ ಮೇಲೆ ಸೇನೆ ನಡೆಸಿದ ದಾಳಿಯಿಂದ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದ 2017ರಲ್ಲಿ, ಸೈನಿಕರ ಮುಂದೆ ನಿಂತು ಬೌದ್ಧೇತರರ ಕೊಲೆಯ ಪಾಪವನ್ನು ಹಗುರಮಾಡುವ ಉಪದೇಶ ಕೊಟ್ಟವರೂ ಅವರೇ. 2021ರ ಕ್ಷಿಪ್ರಕ್ರಾಂತಿಯ ನಂತರ ಸೇನಾಮುಖ್ಯಸ್ಥ ಮಿನ್ ಆಂಗ್ ಲೈಂಗ್ ಅವರ ಬಗಲಿನಲ್ಲಿ ಕಾಣಿಸಿಕೊಂಡರು. ಒಳ್ಳೆಯ ಕೆಲಸಕ್ಕೆ ದೊಡ್ಡ ಹಣ ಬೇಕು, ದೊಡ್ಡ ಹಣ ಆಳುವವರ ಬಳಿ ಇದೆ ಎಂಬ ಲೆಕ್ಕ ಒಬ್ಬ ಸಮರ್ಥ ಭಿಕ್ಷುವನ್ನು ಎಲ್ಲಿಗೆ ಒಯ್ಯಬಹುದು ಎಂಬುದು ನೋವಿನ ಸಂಗತಿ. ಇದು ನನ್ನ ವಾದವನ್ನು ಬೀಳಿಸುವುದಿಲ್ಲ, ಅದರ ಬೆಲೆಯನ್ನು ನೆನಪಿಸುತ್ತದೆ. ಪಾತ್ರೆ ಬೋರಲು ಹಾಕುವ ಶಕ್ತಿ ಇರುವುದು ಸಾವಿರಾರು ಮನೆಗಳ ಒಂದೊಂದು ಸೌಟು ಅನ್ನದಿಂದ ಬದುಕುವ ಭಿಕ್ಷುವಿಗೆ. ಒಬ್ಬನೇ ಮಹಾದಾನಿಯನ್ನು ನೆಚ್ಚಿಕೊಂಡವನಿಗೆ ಆ ಶಕ್ತಿ ಇಲ್ಲ.

2021ರ ಫೆಬ್ರುವರಿ 1ರ ನಂತರ ಮ್ಯಾನ್ಮಾರ್ ಮತ್ತೆ ಅದೇ ಹಾದಿಗೆ ಬಿದ್ದಿದೆ, ಈ ಬಾರಿ ಊರೂರುಗಳ ಮೇಲೆ ಬಾಂಬು ಬೀಳುವ ಅಂತರ್ಯುದ್ಧದ ನಡುವೆ. 2023ರ ಆಗಸ್ಟ್ 1ರಂದು ನೇಪಿಡೊದಲ್ಲಿ ಮಾರವಿಜಯ ಎಂಬ ಅಮೃತಶಿಲೆಯ ಬುದ್ಧಮೂರ್ತಿಯನ್ನು ಮಿನ್ ಆಂಗ್ ಲೈಂಗ್ ಪ್ರತಿಷ್ಠಾಪಿಸಿದರು. ಪೀಠ ಸೇರಿ 81 ಅಡಿ. ಮರುವರ್ಷ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ವರದಿ ಬಂತು. ದೇಶದ ಜನರಲ್ಲಿ ಶೇ 49.7ರಷ್ಟು ಮಂದಿ ದಿನಕ್ಕೆ 76 ಅಮೆರಿಕನ್ ಸೆಂಟ್‌ಗಿಂತ ಕಡಿಮೆಯಲ್ಲಿ ಬದುಕುತ್ತಿದ್ದಾರೆ ಎಂದು ಅದು ಹೇಳಿತು. 2017ರಲ್ಲಿ ಬಡತನದ ಪ್ರಮಾಣ ಶೇ 24.8 ಇತ್ತು. ಕೆಲವೇ ವರ್ಷಗಳಲ್ಲಿ ಎರಡರಷ್ಟು. ಈ ಅವಧಿಯಲ್ಲಿ ಶ್ವೇಡಗಾನ್‌ನ ಬಂಗಾರ ಇದ್ದಲ್ಲೇ ಇತ್ತು, ಬದಲಾದದ್ದು ಆಳ್ವಿಕೆ. 2025ರ ಮಾರ್ಚ್ 28ರಂದು 7.7 ತೀವ್ರತೆಯ ಭೂಕಂಪ ಸಗಾಯಿಂಗ್, ಮಂಡಾಲೆಗಳನ್ನು ಅಲುಗಾಡಿಸಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ವಿಹಾರಗಳೂ ಮಸೀದಿಗಳೂ ಒಳಗಿದ್ದವರ ಮೇಲೆಯೇ ಕುಸಿದವು. ಬರಿಗೈಯಿಂದ ಇಟ್ಟಿಗೆ ಸರಿಸಿದವರು ಅಕ್ಕಪಕ್ಕದ ಊರುಗಳ ಸ್ವಯಂಸೇವಕರು. ಅಕ್ಕಿ, ನೀರು, ತಾಡಪಾಲು ಹಂಚಿದ್ದು ಬಹುಪಾಲು ಅವರ ಸಣ್ಣಪುಟ್ಟ ಸಂಘಗಳು, ಉಳಿದ ವಿಹಾರಗಳು. ಇಂಥ ಸಂಘಗಳ ಮೇಲೆ ಸೇನೆ 2022ರ ಅಕ್ಟೋಬರ್‌ನಲ್ಲಿಯೇ ಒಂದು ಕಾಯ್ದೆ ಹೇರಿತ್ತು. ಅದರ ಪ್ರಕಾರ ನೋಂದಣಿಯಿಲ್ಲದೆ ಕೆಲಸ ಮಾಡುವ ಸಂಘಟನೆಯವರಿಗೆ ಜೈಲು. ಯಾರಿಂದ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು ಎಂದು ಕೊಡುವವರು ಸೇನೆಗೆ ಒಪ್ಪಿಸಬೇಕು. ಅನಿಲದ ಡಾಲರುಗಳ ಲೆಕ್ಕವನ್ನು ದೇಶಕ್ಕೆ ಎಂದೂ ಒಪ್ಪಿಸದ ಸೇನೆ ಈಗ ಒಂದು ಮೂಟೆ ಅಕ್ಕಿಯ ಲೆಕ್ಕ ಕೇಳುತ್ತಿದೆ. ಮ್ಯಾನ್ಮಾರ್‌ನ ಬಡವರಿಗೆ ನೆರವಾಗಲು ಬಯಸುವ ಹೊರಗಿನ ಸರ್ಕಾರಗಳೂ ಸಂಸ್ಥೆಗಳೂ ತಮ್ಮ ಹಣವನ್ನು ಯಾವ ಕೈಗೆ ಕೊಡುತ್ತೇವೆಂದು ಇಂದು ತೀರ್ಮಾನಿಸಬೇಕಾಗಿರುವುದು ಈ ಕಾಯ್ದೆಯನ್ನು ಎದುರಿಗಿಟ್ಟುಕೊಂಡೇ.